ಶುಕ್ರವಾರ ಹೊತ್ತು ಮುಳುಗಿದ ಮೇಲೆ ಗಾಡಿ ಓಡಿಸದೆ ಲೈನಿನಲ್ಲಿ ಉಳಿಯುವುದು ಹೇಗೆ?

ಬೈಕಂಪಾಡಿ ಡ್ರೈವರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬೈಕಂಪಾಡಿಯ ಒಂದು ಟ್ರಾನ್ಸ್‌ಪೋರ್ಟ್‌ನಲ್ಲಿ ಲೈನ್ ಗಾಡಿ ಓಡಿಸುತ್ತೇನೆ. ಪಣಂಬೂರು ಬಂದರಿನಿಂದ ಲೋಡ್ ಮಾಡಿಕೊಂಡು ನೆಲಮಂಗಲದ ಗೋಡೌನ್‌ಗಳಿಗೆ ಹಾಕುವುದು, ರಿಟರ್ನ್ ಲೋಡ್ ಸಿಕ್ಕಿದರೆ ತರುವುದು. ಹೆವಿ ಲೈಸೆನ್ಸ್ ಆದಾಗಿನಿಂದ ಇದೇ ಕೆಲಸ. ಬೇರೆ ಕೆಲಸ ಬೇಕು ಅಂತಲೂ ಇಲ್ಲ. ಶಿರಾಡಿ ಘಾಟಿ ಹತ್ತಿ ಮುಗಿದು ಸಕಲೇಶಪುರದ ಗಾಳಿ ಕ್ಯಾಬಿನ್ ಒಳಗೆ ಬರುವಾಗ ಆಗುವ ಖುಷಿ ನನಗೆ ಇವತ್ತಿಗೂ ಹಾಗೇ ಉಂಟು.

ಈಚೆಗೆ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡೆ. ಹೆಂಡತಿಯ ಮನೆಯವರು ಮೊದಲಿನಿಂದ ಅದೇ ಸಭೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಭಾನುವಾರ ಅಲ್ಲ. ಶುಕ್ರವಾರ ಸೂರ್ಯ ಮುಳುಗಿದಾಗ ಶುರು, ಶನಿವಾರ ಸೂರ್ಯ ಮುಳುಗುವವರೆಗೆ. ಅಷ್ಟು ಹೊತ್ತು ಸಂಪಾದನೆಯ ಕೆಲಸ ಇಲ್ಲ, ವ್ಯಾಪಾರ ಇಲ್ಲ. ಯಾರೂ ಒತ್ತಾಯ ಮಾಡಿದ್ದಲ್ಲ. ಓದಿ, ಪ್ರಾರ್ಥನೆ ಮಾಡಿ, ನಾನೇ ಒಪ್ಪಿಕೊಂಡದ್ದು.

ಕಷ್ಟ ಇರುವುದು ಶುಕ್ರವಾರದ ಲೋಡಿನಲ್ಲಿ. ಭಾನುವಾರ ಗೋಡೌನ್ ಬಂದ್. ಹಾಗಾಗಿ ಶನಿವಾರ ಬೆಳಿಗ್ಗೆಯೇ ಮಾಲು ಬರಬೇಕು ಅಂತ ಮಾಲು ತರಿಸುವ ಪಾರ್ಟಿಯವರು ಹಟ ಹಿಡಿಯುತ್ತಾರೆ. ಓನರ್ ಒಳ್ಳೆಯವರು, ಬೈಯುವುದಿಲ್ಲ. ಆದರೆ "ಶುಕ್ರವಾರದ ಗಾಡಿಗೆ ಯಾರನ್ನು ಹತ್ತಿಸಲಿ, ನೀವೇ ಹೇಳಿ" ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಸ್ಕೂಲ್ ಬಸ್ ಓಡಿಸು ಅಂತ ಬಾವ ಹೇಳಿದರು. ಶನಿವಾರ ಅರ್ಧ ದಿನ ಶಾಲೆ ಇರುತ್ತದಲ್ವಾ? ಮಲ್ಪೆಯ ಮೀನಿನ ಗಾಡಿ ಅಂತೂ ಆಗದ ಮಾತು, ಮೀನು ಬಂದ ದಿನ ಹೊರಡಲೇಬೇಕು.

ಇಬ್ಬರು ಡ್ರೈವರ್ ಇರುವ ಗಾಡಿಯಲ್ಲಿ ಆ ಹೊತ್ತು ಇನ್ನೊಬ್ಬರು ಓಡಿಸಿ ನಾನು ಸುಮ್ನೆ ಕೂತರೆ ಆಗುತ್ತದಾ? ಘಾಟಿಯಲ್ಲಿ ಬ್ಲಾಕ್ ಆಗಿ ಅಲ್ಲೇ ಹೊತ್ತು ಮುಳುಗಿದರೆ ಏನು ಮಾಡುವುದು? ಇದನ್ನು ನಡೆಸಿಕೊಂಡು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸಬ್ಬತ್ ಬಿಡುವುದಿಲ್ಲ. ಆದರೆ ಲಾರಿ ಬಿಟ್ಟರೆ ಮನೆ ನಡೆಯುವುದಿಲ್ಲ.

ಉಡುಪಿ ಹಳೇ ಡ್ರೈವರ್:

ತಮ್ಮಾ, ನಾನು ಅದೇ ಸಭೆಯವನು. ಹಂಚಿನ ಲೋಡಿನಲ್ಲಿ ಶುರು ಮಾಡಿ ಸಿಮೆಂಟ್ ಲೋಡಿನಲ್ಲಿ ನಿವೃತ್ತಿ ಆದವನು. ಆಗುತ್ತದೆ. ಆದರೆ ಶುಕ್ರವಾರ ಯೋಚಿಸಿದರೆ ಆಗುವುದಿಲ್ಲ. ಸೋಮವಾರವೇ ಯೋಚಿಸಬೇಕು.

ಶುಕ್ರವಾರ ಮಧ್ಯಾಹ್ನ ಪಣಂಬೂರಿನಿಂದ ಲೋಡ್ ಗಾಡಿ ತೆಗೆದರೆ ಹೊತ್ತು ಮುಳುಗುವಾಗ ನೀವು ಘಾಟಿಯ ಬುಡದಲ್ಲೋ ಮಧ್ಯದಲ್ಲೋ ಇರುತ್ತೀರಿ. ಆ ಟ್ರಿಪ್ಪೇ ಬೇಡ. ಗುರುವಾರ ಸಂಜೆ ಹೊರಡುವ ಲೋಡ್ ಕೇಳಿ. ರಾತ್ರಿ ಘಾಟಿ ದಾಟಿ, ಶುಕ್ರವಾರ ಬೆಳಿಗ್ಗೆ ನೆಲಮಂಗಲದಲ್ಲಿ ಖಾಲಿ ಮಾಡಿ, ಗಾಡಿ ಅಲ್ಲೇ ನಿಲ್ಲಿಸಿ. ಬೆಂಗಳೂರಿನಲ್ಲಿ ನಮ್ಮ ಸಭೆಗಳಿವೆ. ಬೆಳಿಗ್ಗೆ ಸಬ್ಬತ್ ಶಾಲೆ, ಆಮೇಲೆ ಆರಾಧನೆ, ಮಧ್ಯಾಹ್ನ ಅವರೇ ಊಟಕ್ಕೆ ಕೂರಿಸುತ್ತಾರೆ. ಶನಿವಾರ ಹೊತ್ತು ಮುಳುಗಿದ ಮೇಲೆ ರಿಟರ್ನ್ ಹೊರಡಿ. ಪರ ಊರಿನಲ್ಲಿ ಒಬ್ಬನೇ ಇದ್ದೇನೆ ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ.

ಹೊತ್ತಿನ ಲೆಕ್ಕ ಸರಿ ಇಟ್ಟುಕೊಳ್ಳಿ. ನವೆಂಬರ್ ಕೊನೆಗೆ ಮಂಗಳೂರಿನಲ್ಲಿ 6 ಗಂಟೆಗೇ ಸೂರ್ಯ ಮುಳುಗುತ್ತಾನೆ. ಜೂನ್ ಕೊನೆಗೆ 7 ಆಗುತ್ತದೆ. ಬೆಂಗಳೂರಿನಲ್ಲಿ ಇಲ್ಲಿಗಿಂತ ಹತ್ತು ನಿಮಿಷ ಮೊದಲೇ. ನಾನು ಸಭೆಯ ಕ್ಯಾಲೆಂಡರಿನಿಂದ ಸೂರ್ಯಾಸ್ತದ ಪಟ್ಟಿ ಕತ್ತರಿಸಿ ಸ್ಪೀಡೋಮೀಟರ್ ಪಕ್ಕ ಅಂಟಿಸಿದ್ದೆ. ನಮ್ಮ ಕ್ಲೀನರ್ ಕಾಪು ಕಡೆಯ ಹುಡುಗ, ನಮ್ಮ ಧರ್ಮದವನಲ್ಲ. ಗುರುವಾರವೇ ಅದನ್ನು ನೋಡಿ "ಅಣ್ಣಾ, ನಾಳೆ ಆರು ಹದಿನೆಂಟು" ಅನ್ನುತ್ತಿದ್ದ. ಶುಕ್ರವಾರ ಮೂರು ಗಂಟೆಗೆ ಅವನೇ ನೀರು ತಂದು ಕ್ಯಾಬಿನ್ ಒರೆಸಿ, ಟಯರ್ ತಟ್ಟಿ ನೋಡಿ, ಹಗ್ಗ ಬಿಗಿ ಮಾಡುತ್ತಿದ್ದ. ನಾನು ಸ್ಟವ್ ಹಚ್ಚಿ ಚಪಾತಿ, ಕಡ್ಲೆ ಗಸಿ ಮಾಡಿಡುತ್ತಿದ್ದೆ. ಡೀಸೆಲ್ ಹಾಕಿಸುವುದು, ಓನರಿಗೆ ಲೆಕ್ಕ ಒಪ್ಪಿಸುವುದು ಎಲ್ಲ ಅಷ್ಟರೊಳಗೆ ಮುಗಿಯಬೇಕು. ಆಮೇಲೆ ಫೋನಿನಲ್ಲಿ ಬಾಡಿಗೆ ಮಾತು ಇಲ್ಲ.

ಇನ್ನೊಬ್ಬರು ಓಡಿಸುವ ವಿಷಯ. ಬೈಬಲಿನ ವಿಮೋಚನಕಾಂಡ 20ನೇ ಅಧ್ಯಾಯ ಮತ್ತೊಮ್ಮೆ ಓದಿ. ನಿನಗೆ ಮಾತ್ರ ವಿಶ್ರಾಂತಿ ಅಂತ ಅಲ್ಲಿಲ್ಲ. ಮಗ, ಮಗಳು, ಕೆಲಸದವರು, ದನಕರು, ಮನೆಯಲ್ಲಿರುವ ಪರದೇಶಿ ಎಲ್ಲರೂ ಅದರಲ್ಲಿ ಸೇರಿದ್ದಾರೆ. ನಾನು ಮಲಗಿ ನನ್ನ ಕೆಲಸವನ್ನು ಜೊತೆಗಾರನಿಂದ ಮಾಡಿಸಿ ಟ್ರಿಪ್ಪಿನ ಬಾಟಾ (ಭತ್ಯೆ) ತೆಗೆದುಕೊಳ್ಳುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ.

ಬ್ಲಾಕಿಗೆ ಸಿಕ್ಕಿದರೆ ಹೆದರಬೇಡಿ. ಸಬ್ಬತ್ ದಿನ ಎತ್ತು ಬಾವಿಗೆ ಬಿದ್ದರೆ ಮೇಲೆತ್ತುವುದಿಲ್ಲವಾ ಅಂತ ಯೇಸುವೇ ಕೇಳಿದ್ದು ಲೂಕ 14ರಲ್ಲಿ ಉಂಟು. ಘಾಟಿಯ ತಿರುವಿನಲ್ಲಿ ಲೋಡ್ ಗಾಡಿ ನಿಲ್ಲಿಸಿ ಹಿಂದಿನವರ ಜೀವಕ್ಕೆ ಅಪಾಯ ತರುವುದು ಭಕ್ತಿ ಅಲ್ಲ. ನಿಧಾನಕ್ಕೆ ನಡೆಸಿ, ಸರಿಯಾದ ಜಾಗ ಸಿಕ್ಕಿದ ಕೂಡಲೇ ಬದಿಗೆ ಹಾಕಿ.

ಬಿ.ಸಿ. ರೋಡ್ ಅಕ್ಕ:

ನಾನು ಓನರ್ ಕಡೆಯಿಂದ ಹೇಳುತ್ತೇನೆ. ಯಜಮಾನರು ತೀರಿಕೊಂಡ ಮೇಲೆ ನಮ್ಮ ಗಾಡಿಗಳನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಓನರ್ ಕೇಳಿದ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ನಿಮ್ಮ ಕೈಯಲ್ಲೇ ಉಂಟು: ಭಾನುವಾರ.

ನಮ್ಮೂರಿನಲ್ಲಿ ಭಾನುವಾರ ಡ್ರೈವರ್ ಸಿಗುವುದು ಎಷ್ಟು ಕಷ್ಟ ಅಂತ ಯಾವ ಓನರನ್ನು ಬೇಕಾದರೂ ಕೇಳಿ. ಕ್ರಿಶ್ಚಿಯನ್ನರಿಗೆ ಇಗರ್ಜಿ. ಉಳಿದವರಿಗೆ ಮದುವೆ, ಗೃಹಪ್ರವೇಶ, ಊರಿನ ಕೋಲ. ಬಂದರಿಗೆ ಭಾನುವಾರ ಅಂತ ಇಲ್ಲ, ಹಡಗು ಬಂದರೆ ಇಳಿಸಲೇಬೇಕು. "ಶುಕ್ರವಾರ ಸಂಜೆ ನನ್ನನ್ನು ಬಿಡಿ, ಭಾನುವಾರ ನಾನು ಬರುತ್ತೇನೆ, ದೀಪಾವಳಿಗೂ ಈದಿಗೂ ಬರುತ್ತೇನೆ" ಅಂತ ಹೇಳುವ ಡ್ರೈವರ್ ಸಿಕ್ಕಿದರೆ ನಾನಂತೂ ಬಿಡುವುದಿಲ್ಲ ಮಾರಾಯ್ರೆ. ರಜೆ ಕೊಡಿ ಅಂತ ಕೇಳಬೇಡಿ, ದಿನ ಬದಲಿಸಿ ಕೊಡಿ ಅಂತ ಕೇಳಿ. ಭಾನುವಾರ ರಜೆ ಬೇಕಾದ ಜೊತೆಗಾರನನ್ನೂ ಕರೆದುಕೊಂಡೇ ಹೋಗಿ ಮಾತಾಡಿ.

ಕಾನೂನೂ ಗೊತ್ತಿರಲಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಏಳು ದಿನಕ್ಕೊಂದು ವಿಶ್ರಾಂತಿ ದಿನ ಅಂತ ಇತ್ತು. ಈಗಿನ ಕಾರ್ಮಿಕ ಸಂಹಿತೆಯಲ್ಲೂ ವಾರದ ರಜೆ ಉಂಟು. ಸಾರಿಗೆ ನಿಂತುಹೋಗದಂತೆ ರಜೆಯ ದಿನ ಕರೆಯಬಹುದು, ಆದರೆ ಮಧ್ಯೆ ಪೂರ್ತಿ ಒಂದು ದಿನ ರಜೆ ಇಲ್ಲದೆ ಸತತ 10 ದಿನಕ್ಕಿಂತ ಜಾಸ್ತಿ ದುಡಿಸುವಂತಿಲ್ಲ. ಆ ರಜೆ ಶನಿವಾರವೇ ಆಗಬೇಕು ಅಂತ ಕಾನೂನು ಹೇಳುವುದಿಲ್ಲ. ಅದನ್ನು ಮಾತಾಡಿಯೇ ಪಡೆಯಬೇಕು. ಕಾಯ್ದೆ ಹಿಡಿದುಕೊಂಡು ಜಗಳಕ್ಕೆ ಹೋದರೆ ಗಾಡಿಯ ಕೀ ಬೇರೆಯವರ ಕೈಗೆ ಹೋಗುತ್ತದೆ.

ಇನ್ನೊಂದು. ಗಾಡಿ ಒಂದು ದಿನ ನಿಂತರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ, ಸತ್ತುಹೋಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ. ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್, ಅಂದರೆ ಎರಡು ದಿನ. ಶುಕ್ರವಾರ ಬಿಲ್ ಮಾಡಿದರೆ ಮೊದಲ ದಿನ ಮುಗಿಯುವುದು ಶನಿವಾರ ಮಧ್ಯರಾತ್ರಿ, ಎರಡನೆಯದು ಭಾನುವಾರ ಮಧ್ಯರಾತ್ರಿ. ಶನಿವಾರ ಇಡೀ ನಿಂತು ರಾತ್ರಿ ಹೊರಟರೂ ಆರಾಮಾಗಿ ಮುಟ್ಟಬಹುದು. ಸಾಲದಿದ್ದರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆ ಒಳಗೆ ಆಫೀಸಿನವರು ಮುಂದುವರಿಸಬಹುದು. ಪಾರ್ಟಿ ಒಪ್ಪಬೇಕು, ಅದು ಬೇರೆ ಮಾತು.

ಉಪ್ಪಿನಂಗಡಿ ಲಾರಿ:

ಅಣ್ಣಾ, ನಾನು ಬ್ಯಾರಿ. ನಮಗೆ ಜುಮಾ ಶುಕ್ರವಾರ ಮಧ್ಯಾಹ್ನ. ಪ್ರಯಾಣದಲ್ಲಿ ಇರುವವನಿಗೆ ಜುಮಾ ಕಡ್ಡಾಯ ಅಲ್ಲ, ಬದಲಿಗೆ ದಿನಾ ಮಧ್ಯಾಹ್ನ ಮಾಡುವ ಲುಹರ್ ನಮಾಜ್ ಮಾಡಬಹುದು, ಅದನ್ನೂ ಚಿಕ್ಕದು ಮಾಡಿ. ಆದರೂ ರಸ್ತೆ ಬದಿಯಲ್ಲಿ ಮಸೀದಿ ಕಂಡರೆ ನಿಲ್ಲಿಸುತ್ತೇನೆ, ಮನಸ್ಸು ಕೇಳುವುದಿಲ್ಲ. ನಿಮ್ಮದು ಇಡೀ ದಿನದ ವಿಷಯ, ಜಾಸ್ತಿ ಕಷ್ಟ. ಓನರಿಗೆ ಮೊದಲೇ ಹೇಳಿಟ್ಟರೆ ಮರ್ಯಾದೆ ಸಿಗುತ್ತದೆ, ಇದು ನಾನು ನೋಡಿದ ಮಾತು.

ಲೋಡ್ ಗಾಡಿ ಒಂದು ದಿನ ಪೂರ್ತಿ ನಿಲ್ಲಿಸುವುದಾದರೆ ಕತ್ತಲೆ ಜಾಗ ಬೇಡ. ಟಾರ್ಪಾಲ್ ಕೊಯ್ಯುತ್ತಾರೆ, ಡೀಸೆಲ್ ಕದಿಯುತ್ತಾರೆ. ಖಾಯಂ ಊಟ ಮಾಡುವ ಹೋಟೆಲಿನವರಿಗೆ ಹೇಳಿ ಅವರ ಲೈಟಿನ ಕೆಳಗೇ ಹಾಕಿ. ನನಗೆ ಪರಿಚಯದವರು ನೆಲ್ಯಾಡಿ, ಗುಂಡ್ಯ ಎರಡೂ ಕಡೆ ಇದ್ದಾರೆ, ಬೇಕಾದರೆ ಹೇಳಿಸುತ್ತೇನೆ.

ಬೈಕಂಪಾಡಿ ಡ್ರೈವರ್:

ಅಕ್ಕ, ಭಾನುವಾರ ಕೊಟ್ಟು ಶನಿವಾರ ಪಡೆಯುವುದು ನನ್ನ ತಲೆಗೇ ಹೋಗಿರಲಿಲ್ಲ. ನಮ್ಮಲ್ಲಿ ಕಿನ್ನಿಗೋಳಿಯ ಒಬ್ಬರು ಭಾನುವಾರದ ಪೂಜೆ ತಪ್ಪುತ್ತದೆ ಅಂತ ಬೇಜಾರು ಮಾಡುತ್ತಿರುತ್ತಾರೆ, ಅವರನ್ನು ಕೇಳಿದೆ. ಶುಕ್ರವಾರದ ಗಾಡಿ ಹತ್ತಲು ಅವರು ತಯಾರು. ಇಬ್ಬರೂ ಸೇರಿ ಓನರ್ ಹತ್ತಿರ ಹೋಗುತ್ತೇವೆ.

ಉಡುಪಿ ಅಣ್ಣನಿಗೆ ಒಂದೇ ಪ್ರಶ್ನೆ. ನಮ್ಮ ಓನರಿಗೆ ಮುಂಬೈ ಕಡೆಯ ಲೋಡೂ ಬರುತ್ತದೆ. ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡ್‌ಗೆ ಕೊಂಕಣ ರೈಲ್ವೆಯ ರೋರೋದಲ್ಲಿ ಲಾರಿ ಹತ್ತಿಸುತ್ತಾರಲ್ವಾ, ಶುಕ್ರವಾರ ಅದರಲ್ಲಿ ಹೋದರೆ? ಗಾಡಿ ರೈಲಿನ ಮೇಲೆ, ನಾನು ಕ್ಯಾಬಿನ್‌ನಲ್ಲಿ, ಸ್ಟೇರಿಂಗ್ ಮುಟ್ಟುವುದೇ ಇಲ್ಲ.

ಉಡುಪಿ ಹಳೇ ಡ್ರೈವರ್:

ರೋರೋ 1999ರಲ್ಲಿ ಕೋಲಾಡ್ ಮತ್ತು ಗೋವಾದ ವೆರ್ಣಾ ಮಧ್ಯೆ ಶುರುವಾದದ್ದು, ಸುರತ್ಕಲ್‌ಗೆ ಬಂದದ್ದು ಆಮೇಲೆ. ಒಳ್ಳೆಯ ವ್ಯವಸ್ಥೆ. ಆದರೆ ಮಾಲಿನ ಜವಾಬ್ದಾರಿ ನಿಮ್ಮ ಮೇಲೇ ಇರುತ್ತದೆ. ಕೋಲಾಡ್‌ನಲ್ಲಿ ಶನಿವಾರ ಹಗಲಿಗೆ ಇಳಿಸಿದರೆ ಗಾಡಿ ತೆಗೆಯಲೇಬೇಕು. ಅನಿವಾರ್ಯ ಆದಾಗ ಒಮ್ಮೆ ಹೋಗಿ, ತಪ್ಪು ಅನ್ನುವುದಿಲ್ಲ. ಪ್ರತಿ ವಾರದ ದಾರಿ ಮಾಡಿಕೊಳ್ಳಬೇಡಿ. ಸಬ್ಬತ್ ಅಂದರೆ ಬರೀ ಸ್ಟೇರಿಂಗ್ ಬಿಡುವುದಲ್ಲ ತಮ್ಮಾ, ಸಭೆಯವರ ಜೊತೆ ಕೂತು ಹಾಡಬೇಕು, ಮಕ್ಕಳ ಜೊತೆ ಊಟ ಮಾಡಬೇಕು. ಮುಂಬೈ ಲೋಡ್ ಭಾನುವಾರ ಹತ್ತಿಸಿ.

ಬಿ.ಸಿ. ರೋಡ್ ಅಕ್ಕ:

ಓನರ್ ಒಪ್ಪಿದರೆ ಬಾಯಿಮಾತಿನಲ್ಲಿ ಬಿಡಬೇಡಿ. ಯಾವ ದಿನ ಯಾರ ಗಾಡಿ, ಯಾರಿಗಾದರೂ ಹುಷಾರಿಲ್ಲದಿದ್ದರೆ ಬದಲಿ ಯಾರು ಅಂತ ಒಂದು ಹಾಳೆಯಲ್ಲಿ ಬರೆದು ಬುಕಿಂಗ್ ನೋಡುವ ಹುಡುಗನ ಮೇಜಿನ ಎದುರು ಅಂಟಿಸಿ. ಲೋಡ್ ಹಂಚುವುದು ಅವನು. ಮಳೆಗಾಲ ಶುರುವಾಗುವ ಮೊದಲೇ ಮಾಡಿ, ಶಿರಾಡಿ ಬಂದ್ ಆದ ವಾರ ಯಾವ ಓನರಿಗೂ ಇಂಥ ಮಾತು ಕೇಳುವ ತಾಳ್ಮೆ ಇರುವುದಿಲ್ಲ.