ಮಗಳು ಭೂಮಿ ಹಕ್ಕಿನ ಪ್ರಾಜೆಕ್ಟ್‌ಗೆ ವಿದ್ಯಾರ್ಥಿ ನಿಧಿಯಿಂದ ದುಡ್ಡು ತಗೊಂಡಿದ್ದಾಳೆ, ಸಿಟಿಜನ್‌ಶಿಪ್‌ಗೆ ತೊಂದರೆ ಆಗುತ್ತಾ?

ಹಾಸನದ ಅಮ್ಮ, ಮಿಸಿಸಾಗಾ:
ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ನಿದ್ದೆ ಸರಿಯಾಗಿಲ್ಲ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ಮಗಳು ಇಲ್ಲೇ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ನಮಗೆಲ್ಲ ಪಿಆರ್ (ಕಾಯಂ ವಾಸದ ಪರವಾನಗಿ) ಇದೆ, ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದೇವೆ. ಅವಳು ಸ್ನೇಹಿತರ ಜೊತೆ ಸೇರಿ ಸಿಕ್ಸ್ ನೇಷನ್ಸ್ ಅನ್ನುವ ಇಲ್ಲಿನ ಮೂಲನಿವಾಸಿ ಸಮುದಾಯದ ಹುಡುಗರೊಂದಿಗೆ ಒಂದು ಪ್ರಾಜೆಕ್ಟ್ ಶುರು ಮಾಡಿದ್ದಾಳೆ. ಗ್ರ್ಯಾಂಡ್ ನದಿ ದಡದ ಜಮೀನು ಅವರ ಕೈಯಿಂದ ಹೇಗೆ ಹೋಯಿತು ಅಂತ ನಕ್ಷೆ ಮಾಡುತ್ತಾರಂತೆ. ಬಾವಿ ನೀರು ಪರೀಕ್ಷೆ ಮಾಡಿಸುತ್ತಾರಂತೆ. ಕ್ಯಾಂಪಸ್‌ನಲ್ಲಿ ವರ್ಣಭೇದದ ಬಗ್ಗೆ ಸಭೆಗಳೂ ಇವೆ. ವಿದ್ಯಾರ್ಥಿಗಳ ಫೀಸಿನಿಂದ ನಡೆಯುವ ಒಂದು ಗುಂಪು ದುಡ್ಡು ಕೊಡುತ್ತಿದೆ. ಅರ್ಜಿಯಲ್ಲಿ ಇವಳದ್ದೇ ಹೆಸರು. ಮುಂದೆ ಪ್ರತಿಭಟನೆ, ಪೊಲೀಸು ಅಂತಾದರೆ ಏನು ಗತಿ? ಅವಳ ಅಪ್ಪ ಮಾತೇ ಬಿಟ್ಟಿದ್ದಾರೆ. ಗೊತ್ತಿರುವವರು ಹೇಳಿ.

ದಾವಣಗೆರೆ ಅಣ್ಣ, ಬ್ರಾಂಪ್ಟನ್:
ತಂಗಿ, ಮೊದಲು ಡಿಗ್ರಿ. ಆಮೇಲೆ ಕೆಲಸ. ಕಾಲ ಮೇಲೆ ನಿಂತ ಮೇಲೆ ಏನು ಬೇಕಾದರೂ ಮಾಡಲಿ. ನಾನು ನನ್ನ ಇಬ್ಬರು ಮಕ್ಕಳಿಗೂ ಇದನ್ನೇ ಹೇಳಿದ್ದು. ಇವತ್ತು ಇಬ್ಬರೂ ಬ್ಯಾಂಕಿನಲ್ಲಿ ಒಳ್ಳೆ ಹುದ್ದೆಯಲ್ಲಿದ್ದಾರೆ. ದೊಡ್ಡವನು ಮನೆ ತಗೊಂಡ.

ಉಡುಪಿಯವಳು, ಆಟವಾ:
ಅಕ್ಕಾ, ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ದುಡ್ಡು ತಗೊಂಡಿದ್ದರಿಂದ ಏನೂ ಆಗುವುದಿಲ್ಲ. ಇಂಥ ಗುಂಪುಗಳು ಇಲ್ಲಿ 1970ರ ದಶಕದಿಂದ ಇವೆ. ಅಮೆರಿಕದ ಗ್ರಾಹಕ ಹಕ್ಕಿನ ಹೋರಾಟಗಾರ ರಾಲ್ಫ್ ನೇಡರ್ ಅವರ ಪ್ರೇರಣೆಯಿಂದ ಶುರುವಾದವು. ಸಾರ್ವಜನಿಕ ಹಿತಾಸಕ್ತಿ ಸಂಶೋಧನಾ ಗುಂಪು ಅನ್ನುವುದರ ಚುಟುಕು ಹೆಸರಾಗಿ ಒಂಟಾರಿಯೋದಲ್ಲಿ ಓಪರ್ಗ್, ಕ್ವಿಬೆಕ್‌ನಲ್ಲಿ ಕ್ಯೂಪರ್ಗ್ ಅಂತಾರೆ. ವಿದ್ಯಾರ್ಥಿಗಳೇ ಮತ ಹಾಕಿ ಒಪ್ಪಿದ ಸಣ್ಣ ಫೀಸು ಅದು. ಬೇಡ ಅನ್ನುವವರಿಗೆ ವಾಪಸ್ ಕೊಡುವ ಗುಂಪುಗಳೂ ಇವೆ, ಆದರೆ ಟರ್ಮ್ ಶುರುವಿನಲ್ಲೇ ಕೇಳಬೇಕು. ಯಾವ ಪ್ರಾಜೆಕ್ಟ್‌ಗೆ ಎಷ್ಟು ಅಂತ ವಿದ್ಯಾರ್ಥಿಗಳ ಬೋರ್ಡೇ ತೀರ್ಮಾನ ಮಾಡುತ್ತದೆ.

ಇನ್ನು ಪ್ರತಿಭಟನೆ. ಶಾಂತಿಯಿಂದ ಸೇರುವ ಹಕ್ಕು ಇಲ್ಲಿನ ಸಂವಿಧಾನದ ಹಕ್ಕುಗಳ ಚಾರ್ಟರ್‌ನಲ್ಲಿ ಎಲ್ಲರಿಗೂ ಇದೆ, ಸಿಟಿಜನ್‌ಗಳಿಗೆ ಮಾತ್ರ ಅಲ್ಲ. ಹುಷಾರಾಗಿರಬೇಕಾದ್ದು ಒಂದೇ ಕಡೆ. ಕೋರ್ಟ್ ತಡೆಯಾಜ್ಞೆ ಇರುವ ಜಾಗದಲ್ಲಿ ಕೂತರೆ ಬಂಧನ ಆಗಬಹುದು. 2020ರ ಜುಲೈನಲ್ಲಿ ಕ್ಯಾಲೆಡೋನಿಯಾದಲ್ಲಿ ಮನೆ ಕಟ್ಟುವ ಜಾಗ ತಮ್ಮದು ಅಂತ ಸಿಕ್ಸ್ ನೇಷನ್ಸ್ ಜನ ಕೂತ ‘1492 ಲ್ಯಾಂಡ್ ಬ್ಯಾಕ್ ಲೇನ್’ ಹೋರಾಟ ಶುರುವಾದ ಮೇಲೆ ಹಾಗೇ ಆಯಿತು. ಇಂಡೈಟಬಲ್ ಅನ್ನುವ ಗಂಭೀರ ವರ್ಗದ ಆರೋಪ ಬಾಕಿ ಇದ್ದರೆ ಅದು ಮುಗಿಯುವ ತನಕ ಸಿಟಿಜನ್‌ಶಿಪ್ ಕೊಡುವುದಿಲ್ಲ, ಪ್ರಮಾಣವಚನವೂ ಇಲ್ಲ. ಶಿಕ್ಷೆ ಆದರೆ ಮುಂದಿನ ನಾಲ್ಕು ವರ್ಷ ತೊಂದರೆ. ನಕ್ಷೆ ಬಿಡಿಸುವುದಕ್ಕೂ ನೀರು ಪರೀಕ್ಷೆಗೂ ಇದಕ್ಕೂ ಸಂಬಂಧವೇ ಇಲ್ಲ. ಮಗಳ ಹತ್ತಿರ ಇಷ್ಟು ಗೆರೆ ಎಳೆದುಕೊಳ್ಳಿ, ಸಾಕು.

ಓಕ್‌ವಿಲ್ ಕನ್ನಡಿಗ:
ಎಲ್ಲರೂ ಮುಖ್ಯವಾದ ಪ್ರಶ್ನೆ ಬಿಟ್ಟು ಮಾತಾಡುತ್ತಿದ್ದೀರಿ. ಆ ದುಡ್ಡು ಯಾರದ್ದು? ನಮ್ಮದು! ಓವರ್‌ಟೈಮ್ ಮಾಡಿ, ಮನೆ ಮೇಲೆ ಸಾಲ ತೆಗೆದು ಫೀಸು ಕಟ್ಟುವವರು ನಾವು. ಅದರಲ್ಲಿ ಇಷ್ಟು ರಾಜಕೀಯಕ್ಕೆ ಅಂತ ನಮ್ಮನ್ನು ಯಾರು ಕೇಳಿದರು? ವಾಪಸ್ ತಗೊಳ್ಳಬಹುದು ಅಂತೀರಿ. ಎಷ್ಟು ಮಕ್ಕಳಿಗೆ ಅದು ಗೊತ್ತು? 2019ರ ಜನವರಿಯಲ್ಲಿ ಒಂಟಾರಿಯೋ ಸರ್ಕಾರ ಇಂಥ ಫೀಸನ್ನು ಐಚ್ಛಿಕ ಮಾಡಿತ್ತು. ಒಳ್ಳೆ ಕೆಲಸ ಆಗಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಕೋರ್ಟ್ ಅದನ್ನು ಹೊಡೆದುಹಾಕಿತು. ನಾವು ಈ ದೇಶಕ್ಕೆ ಬಂದದ್ದು ದುಡಿಯುವುದಕ್ಕೆ. ಇಲ್ಲಿನ ಹಳೆ ಜಗಳದಲ್ಲಿ ನಮ್ಮ ಮಕ್ಕಳು ಯಾಕೆ ನಿಲ್ಲಬೇಕು? ಆ ಜಮೀನು ಕಿತ್ತುಕೊಂಡವರು ನಾವಲ್ಲ.

ದಾವಣಗೆರೆ ಅಣ್ಣ, ಬ್ರಾಂಪ್ಟನ್:
ನೂರಕ್ಕೆ ನೂರು ನಿಜ ಸರ್.

ಎಚ್.ಡಿ. ಕೋಟೆ, ಗ್ವೆಲ್ಫ್:
ಓಕ್‌ವಿಲ್ ಸರ್, ಕಿತ್ತುಕೊಂಡವರು ನಾವಲ್ಲ ಸರಿ. ಮನೆ ಕಟ್ಟಿಕೊಂಡು ಕೂತವರು ನಾವೇ ಅಲ್ವಾ? 1784ರಲ್ಲಿ ಗ್ರ್ಯಾಂಡ್ ನದಿಯ ಎರಡೂ ಬದಿಗೆ ಆರಾರು ಮೈಲಿ ಜಾಗವನ್ನು ಬ್ರಿಟಿಷರು ಸಿಕ್ಸ್ ನೇಷನ್ಸ್ ಜನರಿಗೆ ಬರೆದುಕೊಟ್ಟರು, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ತಮ್ಮ ಜೊತೆ ನಿಂತದ್ದಕ್ಕೆ. ಸುಮಾರು ಒಂಬತ್ತೂವರೆ ಲಕ್ಷ ಎಕರೆ. ಇವತ್ತು ಸಿಕ್ಸ್ ನೇಷನ್ಸ್ ಕೈಯಲ್ಲಿ ಉಳಿದದ್ದು ಅದರ ನೂರಕ್ಕೆ ಐದು ಪಾಲೂ ಇಲ್ಲ. ಆ ಜಮೀನು, ದುಡ್ಡಿನ ಲೆಕ್ಕ ಕೊಡಿ ಅಂತ 1995ರಲ್ಲಿ ಅವರು ಕೋರ್ಟಿಗೆ ಹೋದರು. ಈ ಅಕ್ಕ ಇರುವ ಊರಿನ ಕಥೆಯೂ ಅಷ್ಟೆ. ಮಿಸಿಸಾಗಾ ಅನ್ನುವ ಮೂಲನಿವಾಸಿ ಜನ ಕ್ರೆಡಿಟ್ ನದಿ ದಡ ಬಿಟ್ಟು 1847ರಲ್ಲಿ ಸಿಕ್ಸ್ ನೇಷನ್ಸ್ ಪಕ್ಕ ಹೋಗಿ ನೆಲೆಸಬೇಕಾಯಿತು. ಟೊರಾಂಟೋ ಜಮೀನಿನ ವಿಷಯದಲ್ಲಿ ಅವರಿಗೆ ಅನ್ಯಾಯ ಆಗಿದೆ ಅಂತ 2010ರಲ್ಲಿ ಕೆನಡಾ ಸರ್ಕಾರವೇ 14.5 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಇದು ಮುಗಿದ ಹಳೆ ಜಗಳ ಅಲ್ಲ.

ನಾನು ಬೆಳೆದದ್ದು ನಾಗರಹೊಳೆ ಅಂಚಿನಲ್ಲಿ. ಕ್ಲಾಸಿನಲ್ಲಿ ಜೇನುಕುರುಬರ ಹುಡುಗರು ಇದ್ದರು. ಅವರ ಹಾಡಿಯನ್ನು ಕಾಡಿನಿಂದ ಎಬ್ಬಿಸಿ ರಸ್ತೆ ಪಕ್ಕ ತಂದು ಹಾಕಿದ್ದರು. ಜೇನು ಬಿಡಿಸುವವರು ಕೊಡಗಿನ ತೋಟದ ಲೈನ್‌ಮನೆಗೆ ಹೋದರು. ನಮ್ಮ ಮೇಷ್ಟ್ರು ಯಾರೂ ಅದನ್ನು ಪಾಠದಲ್ಲಿ ಹೇಳಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು, ಹುಲಿ ಮೀಸಲು ಪ್ರದೇಶದ ಒಳಗೇ. ಅದು ತಾನಾಗೇ ಬರಲಿಲ್ಲ. ಹಾಡಿಯಿಂದ ಹಾಡಿಗೆ ಸುತ್ತಿ, ಹಿರಿಯರನ್ನು ಕೇಳಿ, ಅವರ ದೇವರ ಜಾಗ, ಹಳೆ ದಾರಿ ಎಲ್ಲಾ ನಕ್ಷೆಯಲ್ಲಿ ಗುರುತು ಮಾಡಿದ್ದರು. ಅಕ್ಕನ ಮಗಳು ಮಾಡುತ್ತಿರುವುದು ಅದೇ ಜಾತಿಯ ಕೆಲಸ. ನನಗೆ ಹೆಮ್ಮೆ ಆಯಿತು.

ಓಕ್‌ವಿಲ್ ಕನ್ನಡಿಗ:
ಊರಿನ ಕಾಡಿನ ವಿಷಯ ಇಲ್ಲಿಗೆ ಯಾಕೆ? ನಾನು ಕೇಳಿದ್ದು ಫೀಸಿನ ಬಗ್ಗೆ. ದಾನ ಮಾಡಬೇಕು ಅಂದರೆ ಅವರವರ ಜೇಬಿನಿಂದ ಮಾಡಲಿ. ಕಡ್ಡಾಯ ವಸೂಲಿ ಮಾಡಿ ಹಂಚುವುದು ದಾನ ಅಲ್ಲ.

ಉಡುಪಿಯವಳು, ಆಟವಾ:
ಜಿಮ್ ಫೀಸು, ಬಸ್ ಪಾಸ್ ಫೀಸು ಕೂಡ ಎಲ್ಲರೂ ಕಟ್ಟುತ್ತಾರೆ. ಜಿಮ್ಮಿಗೆ ಹೋಗದವರೂ ಕಟ್ಟುತ್ತಾರೆ. ನಮ್ಮ ಕನ್ನಡ ವಿದ್ಯಾರ್ಥಿ ಸಂಘದ ದೀಪಾವಳಿಗೆ ಸಿಕ್ಕ ದುಡ್ಡೂ ವಿದ್ಯಾರ್ಥಿ ಫೀಸಿನದ್ದೇ ಸರ್.

ಓಕ್‌ವಿಲ್ ಕನ್ನಡಿಗ:
ದೀಪಾವಳಿಯಿಂದ ಯಾರಿಗೂ ಕೋರ್ಟ್ ಕೇಸ್ ಆಗುವುದಿಲ್ಲ.

ಶಿವಮೊಗ್ಗ, ಕ್ಯಾಲ್ಗರಿ:
ನಮ್ಮ ಆಲ್ಬರ್ಟಾದಲ್ಲಿ ಎಣ್ಣೆ ಕೆಲಸದಿಂದಲೇ ಸಾವಿರಾರು ಮನೆ ನಡೆಯುತ್ತಿವೆ, ನನ್ನ ಮನೆಯೂ ಸೇರಿ. ಇಂಥ ಗುಂಪುಗಳಲ್ಲಿ ಹವಾಮಾನ ಬದಲಾವಣೆ ಅಂತ ಮಕ್ಕಳು ಮಾತಾಡುವಾಗ ಅದನ್ನೂ ನೆನೆಯಬೇಕು. ಜೊತೆಗೆ ಇದೂ ನಿಜ, ಫೋರ್ಟ್ ಮೆಕ್‌ಮರ್ರಿ 2016ರಲ್ಲಿ ಕಾಡ್ಗಿಚ್ಚಿಗೆ ಸಿಕ್ಕಾಗ ಊರಿಗೆ ಊರೇ ಖಾಲಿ ಮಾಡಬೇಕಾಯಿತು. ನನ್ನ ಗೆಳೆಯನ ಮನೆ ಹೋಯಿತು. ಎರಡೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ.

ಮೈಸೂರು ಅಮ್ಮ, ವಿನ್ನಿಪೆಗ್:
ನಾನು ಬೇರೆ ಮಾತು ಹೇಳುತ್ತೇನೆ. ನನ್ನ ಮಗ ಇಂಥದ್ದೇ ಒಂದು ಕೆಲಸಕ್ಕೆ ಹೋಗುತ್ತೇನೆ ಅಂದಾಗ ಮನೆಯಲ್ಲಿ ದೊಡ್ಡ ಜಗಳ ಆಯಿತು. ಇವರು ಬೇಡ ಅಂದರು. ಅವನು ಹೋಗಲಿಲ್ಲ, ಓದು ಮುಗಿಸಿದ, ಕೆಲಸಕ್ಕೂ ಸೇರಿದ. ಈಗ ಹಬ್ಬಕ್ಕೆ ಫೋನ್ ಮಾಡುತ್ತಾನೆ, ಆರೋಗ್ಯ ಕೇಳುತ್ತಾನೆ, ಅಷ್ಟೆ. ಏನು ಯೋಚನೆ ಮಾಡುತ್ತಾನೆ ಅಂತ ನನಗೆ ಗೊತ್ತಾಗುವುದಿಲ್ಲ. ನಿಮ್ಮ ಮಗಳು ನಿಮಗೆ ಹೇಳಿ ಮಾಡುತ್ತಿದ್ದಾಳಲ್ಲ ತಾಯಿ, ಆ ಬಾಗಿಲು ಮುಚ್ಚಬೇಡಿ. ಅವರ ಅಪ್ಪನಿಗೂ ಹೇಳಿ.

ದಾವಣಗೆರೆ ಅಣ್ಣ, ಬ್ರಾಂಪ್ಟನ್:
ಮಕ್ಕಳಿಗೆ ಚಿಕ್ಕಂದಿನಿಂದ ಕನ್ನಡ ಶಾಲೆಗೆ ಕಳಿಸಬೇಕು. ಸಂಸ್ಕಾರ ಇದ್ದರೆ ಈ ಗೊಂದಲ ಬರುವುದಿಲ್ಲ.

ಎಚ್.ಡಿ. ಕೋಟೆ, ಗ್ವೆಲ್ಫ್:
ಅಣ್ಣಾ, ಕನ್ನಡ ಉಳಿಯಬೇಕು ಅಂತ ನಾವು ಶನಿವಾರದ ಶಾಲೆ ನಡೆಸುತ್ತೇವೆ. ಬ್ರಾಂಟ್‌ಫರ್ಡ್‌ನ ಮೊಹಾಕ್ ಇನ್‌ಸ್ಟಿಟ್ಯೂಟ್ ಅನ್ನುವ, ಮೂಲನಿವಾಸಿ ಮಕ್ಕಳ ವಸತಿ ಶಾಲೆಯಲ್ಲಿ ತಾಯಿಮಾತು ಆಡಿದ ಮಕ್ಕಳಿಗೆ ಹೊಡೆಯುತ್ತಿದ್ದರು. ಅದು ಮುಚ್ಚಿದ್ದು 1970ರಲ್ಲಿ. ಕೆನಡಾದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಇಂಥ ವಸತಿ ಶಾಲೆಗಳಿಗೆ ಹಾಕಿದ್ದರು. ಕನ್ನಡಕ್ಕೆ ಇಷ್ಟು ಒದ್ದಾಡುವ ನಮಗೆ ಅವರ ನೋವು ಎಲ್ಲರಿಗಿಂತ ಮೊದಲು ಅರ್ಥ ಆಗಬೇಕು. ಆ ಕಟ್ಟಡ ಹ್ಯಾಮಿಲ್ಟನ್‌ನಿಂದ ಕಾರಿನಲ್ಲಿ ಹತ್ತಿರವೇ. ಅಕ್ಕಾ, ನೀವೂ ಯಜಮಾನರೂ ಮಗಳ ಜೊತೆ ಒಮ್ಮೆ ಹೋಗಿ ಬನ್ನಿ. ಸುಮ್ನೆ ಮನೆಯಲ್ಲಿ ಕೂತು ಹೆದರುವುದಕ್ಕಿಂತ ಒಳ್ಳೆಯದು.

ಓಕ್‌ವಿಲ್ ಕನ್ನಡಿಗ:
ನೋವು ಎಲ್ಲರಿಗೂ ಅರ್ಥ ಆಗುತ್ತದೆ. ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಅವರ ದುಡ್ಡು ಯಾಕೆ?

ಟೊರಾಂಟೋ ಹುಡುಗಿ:
ಅಂಕಲ್, ಒಪ್ಪಿಗೆ ಕೊಡಬೇಕಾದವರು ವಿದ್ಯಾರ್ಥಿಗಳು. ಹದಿನೆಂಟು ದಾಟಿದವರು. ಮತದಾನದಲ್ಲಿ ಬೇಡ ಅಂತ ಬಂದರೆ ಆ ಫೀಸೇ ನಿಲ್ಲುತ್ತದೆ. ನೀವು ಹೇಳಿದ ಆ ಕೋರ್ಟ್ ತೀರ್ಪಿನ ವಿರುದ್ಧ ಪ್ರಾಂತ್ಯ ಸರ್ಕಾರದ ಮೇಲ್ಮನವಿಯನ್ನು 2021ರಲ್ಲಿ ಮೇಲಿನ ಕೋರ್ಟೂ ಒಪ್ಪಲಿಲ್ಲ.

ಹಾಸನದ ಅಮ್ಮ, ಮಿಸಿಸಾಗಾ:
ಎಲ್ಲರಿಗೂ ಧನ್ಯವಾದ. ಫೀಸಿನ ಚರ್ಚೆ ನನಗೆ ಅಷ್ಟು ಬೇಕಾಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆಟವಾದ ತಂಗಿ ಹೇಳಿದ್ದನ್ನು ಇವರಿಗೆ ಓದಿ ಹೇಳಿದೆ. ಈಗ ಇನ್ನೊಂದು ಭಯ. ಆ ದುಡ್ಡು ಮಗಳ ಸ್ವಂತ ಅಕೌಂಟಿಗೆ ಬಂದರೆ ಮುಂದೆ ಲೆಕ್ಕದಲ್ಲಿ ತೊಂದರೆ ಆಗುತ್ತಾ?

ಟೊರಾಂಟೋ ಹುಡುಗಿ:
ಆಂಟಿ, ನಾನು ನಮ್ಮ ಕಾಲೇಜಿನ ಇಂಥದ್ದೇ ಗುಂಪಿನಲ್ಲಿ ಖಜಾಂಚಿ ಆಗಿದ್ದೆ. ಸ್ವಂತ ಅಕೌಂಟಿಗೆ ತಗೊಳ್ಳಬೇಡಿ ಅಂತ ಹೇಳಿ. ಮೊದಲು ಖರ್ಚು ಮಾಡಿ ರಶೀದಿ ಕೊಟ್ಟು ವಾಪಸ್ ತಗೊಳ್ಳುವುದು ಒಳ್ಳೆಯದು. ದೊಡ್ಡ ಬಿಲ್ ಇದ್ದರೆ ಗುಂಪೇ ನೇರವಾಗಿ ಕಟ್ಟಲಿ, ನೀರು ಪರೀಕ್ಷೆಯ ಲ್ಯಾಬಿನ ಥರದ್ದು. ಅರ್ಜಿಯಲ್ಲಿ ಇನ್ನೊಬ್ಬರ ಹೆಸರೂ ಸೇರಿಸಿ ಇಬ್ಬರ ಸಹಿ ಇರಲಿ. ಸಿಕ್ಸ್ ನೇಷನ್ಸ್ ಹುಡುಗರ ಸಮಯಕ್ಕೂ, ಹಿರಿಯರು ಮಾತಾಡಲು ಬಂದರೆ ಅವರಿಗೂ ಗೌರವಧನ ಬಜೆಟ್‌ನಲ್ಲೇ ಇಡಬೇಕು. ತುಂಬಾ ಜನ ಅದನ್ನು ಮರೆಯುತ್ತಾರೆ. ನೀರಿನ ಫಲಿತಾಂಶವನ್ನು ಆ ಮನೆಯವರನ್ನು ಕೇಳದೆ ಎಲ್ಲೂ ಹಾಕಬಾರದು, ನಕ್ಷೆಯೂ ಅಷ್ಟೆ. ಮಗಳಿಗೆ ನನ್ನ ನಂಬರ್ ಕೊಡುತ್ತೇನೆ, ಮೆಸೇಜ್ ನೋಡಿ.