ಶ್ರಾವಣ ಸೋಮವಾರದ ಕೋಳಿ ಸೂಪು

ಭಾನುವಾರ ರಾತ್ರಿ ನಾನು ಗುಂಪಿನಲ್ಲಿ ಹಾಕಿದ್ದು ಒಂದೇ ಸಾಲು: 'ಬಳ್ಳಾರಿಯಲ್ಲಿ ಎರಡು ದಿನದಿಂದ ಜಿಟಿಜಿಟಿ ಮಳೆ. ಮಗಳಿಗೆ ನೆಗಡಿ.' ನಮ್ಮ ಮನೆತನದ ಗುಂಪಿನಲ್ಲಿ 31 ಜನ ಇದ್ದಾರೆ. ಬೆಳಿಗ್ಗೆ ಎದ್ದು ನೋಡಿದರೆ ಗಂಗಾವತಿ ಅತ್ತೆಯ ಫಾರ್ವರ್ಡ್ ಬಂದು ಕೂತಿತ್ತು.

ಅತ್ತೆ, 6:41: 'ಅಮೆರಿಕದ ವಿಜ್ಞಾನಿಗಳೇ ಒಪ್ಪಿದ್ದಾರೆ!! ಮನೆಯಲ್ಲೇ ಮಾಡಿದ ಚಿಕನ್ ನೂಡಲ್ ಸೂಪ್ ಕುಡಿದರೆ 24 ಗಂಟೆಯಲ್ಲಿ ನೆಗಡಿ ಮಾಯ. ಮಾತ್ರೆ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ. 10 ಜನರಿಗೆ ಕಳಿಸಿ.'

ಅದರ ಕೆಳಗೆ ಮಾಡುವ ವಿಧಾನ ಉದ್ದಕ್ಕೆ ಇತ್ತು. ಯಾರೂ ಓದಲಿಲ್ಲ. ನೆಗಡಿ ನಮ್ಮ ಮನೆಯದು, ನಾನು ಓದಿದೆ. ಜವಾರಿ ಕೋಳಿಯ ಎಲುಬು, ಕಾಲು ತಣ್ಣೀರಿಗೆ ಹಾಕಿ ಸಣ್ಣ ಉರಿಯಲ್ಲಿ ಎರಡು ಮೂರು ತಾಸು ಇಡಬೇಕು. ಮೇಲೆ ಬರುವ ನೊರೆ ತೆಗೀತಾ ಇರಬೇಕು. ಕುದಿ ಜೋರಾದರೆ ರಸ ಕದಡುತ್ತೆ. ಆರಿದ ಮೇಲೆ ಫ್ರಿಜ್ಜಿನಲ್ಲಿ ಜೆಲ್ಲಿಯಂತೆ ಗಟ್ಟಿಯಾದರೆ ಕೆಟ್ಟಿದೆ ಅಂತ ಚೆಲ್ಲಬೇಡಿ, ಅದು ಎಲುಬಿನ ಅಂಟು. ನೂಡಲ್ಸ್ ಬೇರೆ ಪಾತ್ರೆಯಲ್ಲಿ ಬೇಯಿಸಿ ಬಡಿಸುವಾಗ ಹಾಕಬೇಕು. ಇಲ್ಲದಿದ್ದರೆ ಸೂಪನ್ನೆಲ್ಲ ಅವೇ ಕುಡಿದು ಉಬ್ಬಿ ಕೂತಿರುತ್ತವೆ. ಮೇಲಿನ ಬೊಗಳೆ ಬರೆದವರು ಬೇರೆ, ಇದನ್ನು ಬರೆದವರು ಬೇರೆ. ಇವರು ಒಲೆ ಮುಂದೆ ನಿಂತವರು.

ದೊಡ್ಡಪ್ಪ, 6:58: 'ಇವತ್ತು ಯಾವ ವಾರ? ಯಾವ ಮಾಸ? ಶ್ರಾವಣ ಸೋಮವಾರ ಕಣ್ಣು ಬಿಟ್ಟ ಕೂಡಲೇ ಕೋಳಿ ಮುಖ ನೋಡಬೇಕಾ? ಮನೆಯ ಹಿರಿಯರೇ ಹೀಗಾದರೆ ಮಕ್ಕಳು ಏನು ಕಲಿಯುತ್ತವೆ?'

ಅತ್ತೆ: 'ನಾನು ತಿನ್ನಿ ಅಂದಿಲ್ಲ ಅಣ್ಣ. ಓದಿ ಅಂದೆ.'

ಆಮೇಲೆ ಕೊಪ್ಪಳದ ತಮ್ಮ ಬಂದ. ಅವನದು ಔಷಧಿ ಅಂಗಡಿ. 'ಅತ್ತೆ, ಇದರ ಮೂಲ ಎಲ್ಲಿದೆ? ಮಾತ್ರೆಯವರು ಮುಚ್ಚಿಟ್ಟಿದ್ದಾರೆ ಅಂದರೆ ನನಗೂ ಸೇರಿಸಿಯೇ ಬೈದ ಹಾಗಾಯ್ತು.' ಯಾರೂ ಮೂಲ ಕೊಡಲಿಲ್ಲ. ಅರ್ಧ ತಾಸು ಬಿಟ್ಟು ತಾನೇ ಹುಡುಕಿ ತಂದ. ಅವನ ಸ್ವಭಾವವೇ ಹಾಗೆ.

'2000ನೇ ಇಸವಿ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಡಾ. ಸ್ಟೀಫನ್ ರೆನಾರ್ಡ್. "ಚೆಸ್ಟ್" ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಹೆಂಡತಿಯ ಅಜ್ಜಿ ಮಾಡುತ್ತಿದ್ದ ಸೂಪನ್ನೇ ಲ್ಯಾಬಿಗೆ ಒಯ್ದಿದ್ದಾರೆ. ರಕ್ತದಿಂದ ತೆಗೆದ ಬಿಳಿ ಕಣಗಳಿಗೆ ಆ ಸೂಪು ತಾಗಿಸಿದರೆ ಅವುಗಳ ಓಡಾಟ ಕಡಿಮೆ ಆಯ್ತು. ನೆಗಡಿಯಲ್ಲಿ ಈ ಕಣಗಳು ಬಂದು ಗುಂಪು ಸೇರುತ್ತವೆ. ಅದು ಕಡಿಮೆಯಾದರೆ ಸ್ವಲ್ಪ ಆರಾಮ ಸಿಗಬಹುದು ಅಂತ ಊಹೆ, ಅಷ್ಟೇ. ರೋಗಿಗಳಿಗೆ ಕುಡಿಸಿ ನೋಡಿದ್ದಲ್ಲ. 24 ಗಂಟೆ ಅಂತ ಎಲ್ಲೂ ಇಲ್ಲ. ಅಂದಹಾಗೆ ಸೂಪಿಗೆ ಹಾಕಿದ್ದ ಈರುಳ್ಳಿ, ಗಜ್ಜರಿ, ಗೆಣಸಿನಲ್ಲೂ ಇದೇ ಗುಣ ಕಂಡಿದೆ.'

ಆ ಕೊನೆಯ ಸಾಲು ಬರೆಯಬಾರದಿತ್ತು.

ದೊಡ್ಡಪ್ಪ: 'ನೋಡಿದಿರಾ! ತರಕಾರಿಯಲ್ಲೇ ಎಲ್ಲ ಇದೆ. ಆ ಕೋಳಿ ಪಾಪ ಸುಮ್ನೆ ಸತ್ತಿತು.'

ರಾಯಚೂರು ಕಾಕಾ: 'ಅಣ್ಣ, ಹೋದ ಶ್ರಾವಣದಲ್ಲಿ ಶಕ್ತಿನಗರದ ಗಾಡಿ ಮುಂದೆ ನಿಂತು ಎಗ್ ರೈಸ್ ತಿಂದದ್ದು ಯಾರು?'

ದೊಡ್ಡಪ್ಪ: 'ಅದು ಡಾಕ್ಟರು ಹೇಳಿದ್ದು. ಶಕ್ತಿಗೆ.'

ಕೊಪ್ಪಳದ ತಮ್ಮ: 'ಚೀಟಿ ಇದ್ದರೆ ಹಾಕಿ ದೊಡ್ಡಪ್ಪ.'

ಹನ್ನೊಂದು ನಿಮಿಷ ಎಲ್ಲರೂ ಸುಮ್ಮನಿದ್ದರು. ದೊಡ್ಡಪ್ಪ 'ಟೈಪಿಂಗ್' ಅಂತ ಬರುತ್ತಿತ್ತು, ಹೋಗುತ್ತಿತ್ತು. ಸಿಂಧನೂರು ಅಕ್ಕ ಬಂದು ಉಳಿಸಿದಳು.

'ನೂಡಲ್ಸ್ ಅಂದ ಕೂಡಲೇ ಅಜ್ಜಿ ನೆನಪಾದರು. ಬೇಸಿಗೆ ರಜೆ, ಅಂಗಳದಲ್ಲಿ ಹೊರಸಿನ ಮೇಲೆ ಶಾವಿಗೆ ಮಣೆ. ಅವರು ಹೊಸೆಯೋರು, ನಾವು ಕೋಲಿನ ಮೇಲೆ ಎಳೆ ಇಳಿಬಿಟ್ಟು ಒಣಗಿಸೋರು. ಕಾಗೆ ಓಡಿಸೋದು ನನ್ನ ಕೆಲಸ.'

ಕಾಕಾ: 'ನೀನು ಕಾಗೆಗಿಂತ ಜಾಸ್ತಿ ತಿಂತಿದ್ದೆ. ಅವ್ವನ ಹತ್ತಿರ ಬೈಸಿಕೊಂಡಿದ್ದು ನಾನು.'

ಕೋಳಿ ಸೂಪಿಗೆ ನೂಡಲ್ಸ್ ಬದಲು ನಮ್ಮ ಶಾವಿಗೆ ಹಾಕಬಹುದಲ್ವಾ, ಅದೂ ಗೋಧಿಯದೇ, ಅಂತ ನಾನು ಕೇಳಿದೆ. ನಿಜವಾಗಿ ತಿಳಿಯಬೇಕಿತ್ತು. 'ಶಾವಿಗೆ ಇರೋದು ಬೆಲ್ಲಕ್ಕೆ, ಹಾಲಿಗೆ' ಅಂತ ದೊಡ್ಡಪ್ಪ ಮುಗಿಸಿದರು.

ಅಲ್ಲಿಯವರೆಗೆ ಸುಮ್ಮನಿದ್ದ ರಾಯಚೂರು ಕಾಕು ಆಗ ಬರೆದರು: 'ಮೂರು ತಾಸು ಕುದಿಸೋಕೆ ಗ್ಯಾಸ್ ಏನು ಪುಕ್ಕಟೆ ಬರುತ್ತಾ? ಮೇಲಾಗಿ ದೊಡ್ಡ ಬೋಗಾಣಿ ಬೇಕು. ನಮ್ಮದು 2019ರಿಂದ ಗಂಗಾವತಿಯಲ್ಲಿದೆ.'

ಅತ್ತೆ: 'ಗೃಹಪ್ರವೇಶ ಆದ ವಾರಕ್ಕೇ ತೊಳೆದು ಕಳಿಸಿದ್ದೀನಿ.'

ಕಾಕು: 'ಕಳಿಸಿದ್ದು ನಿಜ ಅಕ್ಕಾರೇ. ಆದರೆ ಅದು ನಮ್ಮ ಬೋಗಾಣಿ ಅಲ್ಲ. ನಮ್ಮದರ ಕಂಠದ ಮೇಲೆ ನಮ್ಮ ಅಪ್ಪನ ಹೆಸರು ಕೊರೆಸಿತ್ತು.'

ಕೊಪ್ಪಳದ ತಮ್ಮ: 'ಎರಡೂ ಕಡೆಯವರು ಫೋಟೋ ಹಾಕಿ.'

ಹಾಕಿದರು. ಮೇಲಿಂದ, ಪಕ್ಕದಿಂದ, ತಿರುಗಿಸಿ ಇಟ್ಟು, ಒಟ್ಟು ಒಂಬತ್ತು ಫೋಟೋ. ಹೆಸರು ಎಲ್ಲೂ ಕಾಣಲಿಲ್ಲ. ಕಾಕಾ 'ಉಜ್ಜಿ ಉಜ್ಜಿ ಅಳಿಸಿ ಹೋಗಿರಬಹುದು' ಅಂದದ್ದಕ್ಕೆ ಕಾಕು ಗುಂಪಿನಲ್ಲಿ ಉತ್ತರ ಕೊಡಲಿಲ್ಲ. ಮನೆಯಲ್ಲಿ ಕೊಟ್ಟಿರಬೇಕು.

ನಡುವೆ ನಾನು 'ಮಗಳಿಗೆ ಮೆಣಸಿನ ಸಾರು ಕೊಟ್ಟೆವು, ಈಗ ಪರವಾಗಿಲ್ಲ' ಅಂತ ಹಾಕಿದ್ದೆ. ಅದು ನಾಲ್ಕನೇ ಮತ್ತು ಐದನೇ ಬೋಗಾಣಿಯ ನಡುವೆ ಎಲ್ಲೋ ಇದೆ.

ಮಧ್ಯಾಹ್ನ ಅತ್ತೆ ಸಿಟ್ಟಿನಲ್ಲಿ ಬೆಳಗಿನ ಫಾರ್ವರ್ಡ್ ಅಳಿಸಿದರು. ಸಂಜೆ ಏಳಕ್ಕೆ ಬೆಂಗಳೂರಿನ ಅಳಿಯ ಕೆಲಸ ಮುಗಿಸಿ ಬಂದು ಗುಂಪು ತೆರೆದ.

'ಅತ್ತೆ, ಬೆಳಿಗ್ಗೆ ಏನೋ ಡಿಲೀಟ್ ಮಾಡಿದ್ದೀರಿ. ಹೆಸರಿದ್ದ ಬೋಗಾಣಿ ಫೋಟೋನಾ?'