'ಡೌನ್ ಇನ್ ದ ಮೌತ್' ಅಂದ್ರೆ ಏನು? ನಾನು ಕವಳ ಉಗಿದು ಬಂದೆ

ಕವಳದ ಸಂಚಿ, ಗೋಕರ್ಣ:
ಕುಡ್ಲೆ ಬೀಚ್ ಹತ್ತಿರ ನಮ್ಮದು ನಾಲ್ಕು ರೂಮಿನ ಹೋಂಸ್ಟೇ. ಸೀಸನ್ ಮುಗಿದು ಮೂರು ಖಾಲಿ. ಉಳಿದೊಂದರಲ್ಲಿ ಇಂಗ್ಲೆಂಡಿನ ಅಜ್ಜಿಯೊಬ್ಬರಿದ್ದಾರೆ. ಬೆಳಿಗ್ಗೆ ಜಗುಲಿಯಲ್ಲಿ ಕೂತು ಕರೆಂಟ್ ಬಿಲ್ ನೋಡುತ್ತಿದ್ದೆ. ಬಾಯಲ್ಲಿ ಕವಳ, ಅಂದ್ರೆ ಎಲೆಅಡಿಕೆ. ಅಜ್ಜಿ ನನ್ನನ್ನು ನೋಡಿ, 'ವೈ ಸೋ ಡೌನ್ ಇನ್ ದ ಮೌತ್?' ಅಂದರು. ಬಾಯಲ್ಲಿರೋದನ್ನ ಕೆಳಗೆ ಹಾಕು ಅಂತಿದ್ದಾರೆ ಅಂದುಕೊಂಡು ಹಿತ್ತಲಿಗೆ ಓಡಿದೆ. ಉಗಿದು, ಬಾಯಿ ಮುಕ್ಕಳಿಸಿ ಬಂದರೆ ಅಜ್ಜಿಗೇ ಗಾಬರಿ. ಏನಿದರ ಅರ್ಥ?

ಘಟ್ಟದ ಮೇಲಿನವ, ಶಿರಸಿ:
ಸುಮ್ನೆ ಕವಳ ಹಾಳು ಮಾಡಿದಿರಲ್ಲ ಮಾರಾಯ್ರೇ! ಯಾಕೆ ಮೋರೆ ಸಪ್ಪಗಿದೆ ಅಂತ ಕೇಳಿದ್ದು ಅವರು. ಬೇಜಾರಾದರೆ ತುಟಿಯ ಎರಡೂ ತುದಿ ಕೆಳಗೆ ಜಗ್ಗುತ್ತವೆ, ಅಲ್ವಾ? ಮಗು ಅಳೋಕೆ ಮುಂಚೆ ಅದರ ಬಾಯಿ ನೋಡಿ, ಗೊತ್ತಾಗುತ್ತದೆ. ಹಾಗೆ ಜಗ್ಗುವ ಸ್ನಾಯುವಿನ ಬಗ್ಗೆ ಡಾರ್ವಿನ್ 1872ರಲ್ಲೇ ಬರೆದಿದ್ದಾನೆ.

ಮಾತು ಅದಕ್ಕಿಂತ ಹಳೆಯದು. 1649ರಲ್ಲಿ ಜೋಸೆಫ್ ಹಾಲ್ ಎಂಬ ಬಿಷಪ್ ಬಳಸಿದ್ದಾನೆ. ಲೇವಾದೇವಿಯವನ ಕೈಲಿ ಮೋಸಹೋದ ರೋಮಿನವನೊಬ್ಬನ ಮೋರೆ ಹೀಗಾಯಿತಂತೆ. ಅದನ್ನು ಓದಿದಾಗ ನನಗೆ ಪ್ರಾಚೀನ ರೋಮಿನ ಲೇಖಕ ಸಿಸೆರೋ ಹೇಳಿದ ಕಥೆ ನೆನಪಾಯಿತು. ಬೀಚ್ ಪಕ್ಕದವರು ನೀವು, ಕೇಳಲೇಬೇಕು.

ಸಿಸಿಲಿ ದ್ವೀಪದ ಸಿರಾಕ್ಯೂಸ್ ಊರಿನಲ್ಲಿ ಪಿಥಿಯಸ್ ಎಂಬ ಲೇವಾದೇವಿಯವನಿಗೆ ಕಡಲಿಗೆ ತಾಗಿ ತೋಟವಿತ್ತು. ರೋಮಿನ ಕಾನಿಯಸ್‌ಗೆ ಅಂಥದ್ದೊಂದು ಬೇಕಿತ್ತು. ಪಿಥಿಯಸ್ ಅವನನ್ನು ಊಟಕ್ಕೆ ಕರೆದ. ಮೀನುಗಾರರಿಗೆ, ನಾಳೆ ನನ್ನ ತೋಟದ ಎದುರೇ ಮೀನು ಹಿಡಿಯಿರಿ ಅಂತ ಮೊದಲೇ ಹೇಳಿಟ್ಟಿದ್ದ. ಕಾನಿಯಸ್ ಬಂದು ನೋಡಿದರೆ ಕಣ್ಣೆದುರು ದೋಣಿಯೋ ದೋಣಿ. ಒಬ್ಬೊಬ್ಬರಾಗಿ ಬಂದು ಪಿಥಿಯಸ್‌ನ ಕಾಲಬುಡಕ್ಕೆ ಮೀನು ಸುರಿದರು. ಇವನು ಮರುಳಾಗಿ, ಕೇಳಿದ ದುಡ್ಡು ಕೊಟ್ಟು ತೋಟ ಕೊಂಡ. ಮರುದಿನ ಸ್ನೇಹಿತರನ್ನು ಕರೆದುಕೊಂಡು ಬಂದರೆ ಒಂದು ಹುಟ್ಟೂ ಕಾಣಲಿಲ್ಲ. 'ಇವತ್ತು ಮೀನುಗಾರರಿಗೆ ರಜೆಯಾ?' ಅಂತ ಪಕ್ಕದವನನ್ನು ಕೇಳಿದ. 'ಇಲ್ಲಿ ಯಾರೂ ಮೀನು ಹಿಡಿಯಲ್ಲ. ನಿನ್ನೆ ಏನಾಯ್ತೋ ಅಂತ ನನಗೇ ಆಶ್ಚರ್ಯ!'

ಬೈತಖೋಲದವಳು, ಕಾರವಾರ:
ನಮ್ಮಲ್ಲಾಗಿದ್ದರೆ ಪಿಥಿಯಸ್ ಜೂನ್, ಜುಲೈ ಮಳೆಗಾಲ, ಟ್ರಾಲರ್ ದೋಣಿಗಳ ಮೀನುಗಾರಿಕೆ ಬಂದ್ ಅಂತ ಹೇಳಿ ಎರಡು ತಿಂಗಳು ದೂಡಬಹುದಿತ್ತು! ಒಂದು ಮಾತು. ನಾವು ಮುಖ ಊದಿಸಿಕೊಂಡಿದ್ದಾನೆ ಅಂತೀವಲ್ಲ, ಅದು ಇದಲ್ಲ. ಅದು ಸಿಟ್ಟು. ಇದಕ್ಕೆ ಜೋಲು ಮೋರೆಯೇ ಸರಿ.

ಕವಳದ ಸಂಚಿ, ಗೋಕರ್ಣ:
ಅಜ್ಜಿಗೆ ಎಲ್ಲ ಹೇಳಿದೆ. ನಕ್ಕು ನಕ್ಕು ಸುಸ್ತಾದರು. ಈಗ ಅವರಿಗೂ ಒಂದು ಕವಳ ಬೇಕಂತೆ. ತಂಬಾಕು ಬಿಟ್ಟು, ಸುಣ್ಣ ಕಡಿಮೆ ಹಾಕಿ ಕಟ್ಟುತ್ತಿದ್ದೇನೆ.